ಹದಿನೇಳನೆಯ ನಂಬರು

"ಹದಿನೇಳನೇ ನಂಬರಿನವರು ನಿಜವಾಗ್ಲೂ ಇದ್ದಾರಾ ಸಿಸ್ಟರ್, ಇಲ್ಲ ಹಾಳೆ ಮೇಲಷ್ಟೇ ಇದ್ದಾರಾ?"

ನರ್ಸ್ ಪೆನ್ನು ಕೆಳಗಿಟ್ಟಳು. "ಅಂದ್ರೆ ನಾನು ಸುಳ್ಳು ಬರೀತೀನಿ ಅಂತಾನಾ ಮೇಡಂ?"

ಅಂತಲೇ. ಬೇಲಿಯೇ ಎದ್ದು ಹೊಲ ಮೇಯ್ದರೆ ಕಾಯುವವರು ಯಾರು? ಆದರೆ ಬಾಯಿಬಿಟ್ಟು ಹೇಳುವ ಬದಲು ಸಂಖ್ಯಾಶಾಸ್ತ್ರಜ್ಞೆ ಹದಿನೇಳರ ಹಾಳೆಯನ್ನೇ ಮುಂದಕ್ಕೆ ತಳ್ಳಿದಳು.

ಮಂಡಿನೋವಿನ ಹೊಸ ಮಾತ್ರೆಯ ಈ ಅಧ್ಯಯನವನ್ನು ರೂಪಿಸಿದವಳು ಅವಳೇ. ಇಪ್ಪತ್ತನಾಲ್ಕು ಜನ. ಚೀಟಿ ಎತ್ತಿ ಅರ್ಧ ಜನರಿಗೆ ಔಷಧಿ, ಉಳಿದವರಿಗೆ ನೋಡಲು ಹಾಗೇ ಇರುವ ಹುಸಿ ಮಾತ್ರೆ. ಯಾರಿಗೆ ಯಾವುದೆಂದು ನುಂಗುವವರಿಗೂ ಗೊತ್ತಿಲ್ಲ, ಕೊಡುವವರಿಗೂ ಗೊತ್ತಿಲ್ಲ. ತಿಂಗಳಿಗೊಮ್ಮೆ ಆರು ನಿಮಿಷ ನಡೆಸಿ, ಎಷ್ಟು ಮೀಟರ್ ಎಂದು ನರ್ಸ್ ಬರೆಯಬೇಕು. ಸಂಖ್ಯಾಶಾಸ್ತ್ರಜ್ಞೆಯ ಮೇಜಿಗೆ ಬರುವುದು ನಂಬರುಗಳು ಮಾತ್ರ, ಹೆಸರುಗಳಲ್ಲ. ಪಕ್ಷಪಾತ ನುಸುಳಬಾರದೆಂದು ಆ ನಿಯಮ ಮಾಡಿದವಳೂ ಅವಳೇ.

ಯಾವ ನಂಬರಿಗೆ ಯಾವ ಮಾತ್ರೆ ಎಂದು ಬರೆದಿಟ್ಟ ಗುಟ್ಟಿನ ಲಕೋಟೆಯನ್ನು ನಿನ್ನೆ ಒಡೆದು ಲೆಕ್ಕ ಹಾಕಿದ್ದಳು. ಔಷಧಿ ತಿಂದವರು ಚೆನ್ನಾಗಿಯೇ ನಡೆದಿದ್ದರು. ಹುಸಿ ಮಾತ್ರೆಯ ಗುಂಪಿನಲ್ಲಿ ಹನ್ನೊಂದು ಜನ ಇದ್ದಲ್ಲೇ ಇದ್ದರು. ಹದಿನೇಳು ಮಾತ್ರ ಇನ್ನೂರು ಮೀಟರಿನಿಂದ ನಾನೂರಕ್ಕೆ ಜಿಗಿದಿತ್ತು. ಆ ಒಂದೇ ಅಂಕಿ ಗುಂಪಿನ ಸರಾಸರಿಯನ್ನು ಎಳೆದೆತ್ತಿ, ಎರಡು ಗುಂಪುಗಳ ನಡುವಿನ ವ್ಯತ್ಯಾಸವನ್ನೇ ನುಂಗಿಹಾಕಿತ್ತು. ಲೆಕ್ಕದ ಪ್ರಕಾರ ಔಷಧಿ ದಂಡ. ಮೂರು ವರ್ಷದ ದುಡಿಮೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು.

"ಆ ಒಬ್ಬರನ್ನ ಬಿಟ್ಟುಬಿಡು," ಎಂದಿದ್ದರು ಹಿರಿಯ ವೈದ್ಯರು. "ಇಲ್ಲ, ಲೆಕ್ಕದ ವಿಧಾನಾನಾದ್ರೂ ಬದಲಾಯಿಸು."

"ಎರಡೂ ಆಗಲ್ಲ ಸರ್. ಯಾವ ಲೆಕ್ಕ ಅಂತ ಮೊದಲೇ ಬರೆದು ಸಹಿ ಹಾಕಿದ್ದೀವಿ. ಅಂಕಿ ಸುಳ್ಳು ಅಂತ ಸಾಬೀತಾದ್ರೆ ಮಾತ್ರ ತೆಗೀಬಹುದು."

ಇವತ್ತು ಬೆಳಿಗ್ಗೆ ತಿಂಡಿಯನ್ನು ತಟ್ಟೆಯಲ್ಲೇ ಬಿಟ್ಟು ಎದ್ದಿದ್ದಳು. "ಮುಖ ಯಾಕೆ ಸಪ್ಪಗಿದೆ? ನಿನ್ನ ಮಾತ್ರೆ ಸೋತುಹೋಗುತ್ತಾ?" ಎಂದು ಅಮ್ಮ ಕೇಳಿದ್ದಳು.

"ಜನ ಚುರುಕಾಗಿ ನಡೆದ್ರೆ ಗೆಲ್ಲುತ್ತೆ ಅಂತ ಅವತ್ತೇ ಹೇಳಿದ್ನಲ್ಲಮ್ಮ. ತಲೆ ತಿನ್ಬೇಡ."

ಅಮ್ಮ ಗೋಡೆ ಹಿಡಿದುಕೊಂಡು ಒಳಗೆ ಹೋಗಿದ್ದಳು. ಗೆಳತಿಯ ಮನೆಗೆ ಹೊರಡಲು ಹೊತ್ತಾಗಿತ್ತಂತೆ. ಸಿಡುಕಿದ್ದಕ್ಕೆ ಮಗಳಿಗೆ ಬಸ್ಸಿನುದ್ದಕ್ಕೂ ಪಿಚ್ಚೆನಿಸಿತ್ತು.

ನರ್ಸ್ ಗಡಿಯಾರ ನೋಡಿದಳು. "ನೀವು ಹೇಳಿದ್ದಕ್ಕೆ ಇನ್ನೊಂದು ಸಲ ನಡೆಯೋಕೆ ಕರೆಸಿದ್ದೀನಿ. ಗಾಜಿನ ಹಿಂದೆ ನಿಂತು ಕಣ್ಣಾರೆ ನೋಡಿ. ಆಮೇಲೆ ನನ್ನ ಹತ್ರ ತಪ್ಪಾಯ್ತು ಅನ್ನಿ."

ಸಂಖ್ಯಾಶಾಸ್ತ್ರಜ್ಞೆ ಹಾಳೆಗಳನ್ನು ಎತ್ತಿಟ್ಟು ಹೋಗಿ ನಿಲ್ಲುವಷ್ಟರಲ್ಲಿ ನರ್ಸ್ ನಡಿಗೆ ಶುರುಮಾಡಿಸಿ, ಕೊನೆಯ ಸುತ್ತು ನಡೆಯುತ್ತಿತ್ತು. ಕಂಡದ್ದು ಬೆನ್ನು ಮಾತ್ರ. ನರೆತ ಕೂದಲು, ಬಸ್ಸು ತಪ್ಪಿಹೋದೀತೆಂದು ಧಾವಿಸುವವರ ದಾಪುಗಾಲು. ಅಂಕಿ ಸುಳ್ಳಲ್ಲ. ಪಾಪದ ನರ್ಸನ್ನು ಕಳ್ಳಿ ಅಂದುಕೊಂಡೆನಲ್ಲ ಎಂದು ನಾಚಿಕೆಯಾಯಿತು.

ಆರು ನಿಮಿಷ ಮುಗಿಯಿತು. ಹದಿನೇಳನೆಯವರು ತುಟಿ ಕಚ್ಚಿಕೊಂಡು, ಗೋಡೆ ಹಿಡಿದುಕೊಂಡು, ಇತ್ತ ತಿರುಗಿದರು.

"ಒಂಚೂರೂ ನೋವಿಲ್ಲ, ಬರ್ಕೊಳ್ಳಮ್ಮ," ಎಂದಳು ಅಮ್ಮ ಏದುಸಿರು ಬಿಡುತ್ತ. "ನಾವೆಲ್ಲ ಚುರುಕಾಗಿ ನಡೆದ್ರೆ ನನ್ನ ಮಗಳು ಗೆಲ್ತಾಳೆ."