ನಂಜ ತಲೆ ಬಗ್ಗಿಸಿದಾಗ

ಇವತ್ತೂ ಹೇಳಲಿಲ್ಲ. ಕೈಗವಸು ಎಳೆದುಕೊಳ್ಳುತ್ತ ಸಿಂಧುಜಾ ತನಗೆ ತಾನೇ ಒಪ್ಪಿಕೊಂಡಳು. ಹೊಟ್ಟೆಯಲ್ಲಿರುವುದಕ್ಕೆ ಎರಡೂವರೆ ತಿಂಗಳು. ವಿಕಿರಣದ ವಾರ್ಡಿನಲ್ಲಿ ಕೆಲಸ ಮಾಡುವ ಹೆಂಗಸು ಬಸಿರಾದರೆ ತಕ್ಷಣ ಬರೆದುಕೊಡಬೇಕು. ಕೊಟ್ಟರೆ ಬೇರೆ ಕಡೆ ಕೂರಿಸುತ್ತಾರೆ, ಅಷ್ಟೇ. ಆ ಕಾಗದ ಹೆಸರು ತುಂಬಿಸಿಕೊಂಡು ಅವಳ ಚೀಲದಲ್ಲೇ ಹದಿನೈದು ದಿನದಿಂದ ಮುದುರುತ್ತಿತ್ತು. ಕೊಡಬೇಕಾದದ್ದು ವಾರ್ಡಿನ ವಿಕಿರಣ ಸುರಕ್ಷತೆ ನೋಡಿಕೊಳ್ಳುವ ಸಂತೋಷ್‌ಕುಮಾರ್ ಸಾರ್ ಕೈಗೆ. ಅವರೆದುರು ಆ ಒಂದು ಮಾತು ಆಡುವುದನ್ನು ನೆನೆದರೇ ನಾಚಿಕೆಯಾಗುತ್ತಿತ್ತು. ಮೂರು ತುಂಬುವ ತನಕ ಹೊರಗೆ ಬಾಯಿ ಬಿಡಬೇಡ ಎಂದು ಅತ್ತೆ ಬೇರೆ ಹೇಳಿದ್ದರು. ಒಂದು ನೆಪ ಸಿಕ್ಕಂತಾಗಿತ್ತು.

ರೋಗಿಯ ಕೋಣೆಯಿಂದ ಬಂದ ನಂಜ ಬಾಗಿಲ ಬಳಿ ಕಾಯುತ್ತಿದ್ದ. ಎದೆಯೆತ್ತರದ ಬಿಳಿ ರೋಬೋಟ್. ನಂಜ ಎಂಬುದು ನರ್ಸುಗಳಿಟ್ಟ ಹೆಸರು. ಕ್ಯಾನ್ಸರಿಗೆಂದು ವಿಕಿರಣದ ಗುಳಿಗೆ ನುಂಗಿದವರ ಬೆವರು, ಎಂಜಲಲ್ಲೂ ಅದರ ಅಂಶ ಇರುತ್ತದೆ. ಹಾಗಾಗಿ ಅವರಿಗೆ ಊಟ, ನೀರು ಒಯ್ಯುವವನು ನಂಜ. ಬಂದ ಮೇಲೆ ಅವನನ್ನು ಅಳೆದು ಒರೆಸುವವಳು ಸಿಂಧುಜಾ. ಅವನ ಕೈಯ ತಟ್ಟೆಯ ಬಳಿ ವಿಕಿರಣ ಅಳೆಯುವ ಮೀಟರ್ ಹಿಡಿದಳು. ಒಂದೆರಡು ಸಲ ಟಿಕ್ ಎಂದಿತು. ತಲೆಯ ಮೇಲೆ ಹಿಡಿದಾಗ ಬಾಣಲೆಯಲ್ಲಿ ಸಾಸಿವೆ ಸಿಡಿದ ಹಾಗೆ ಚಟಪಟಗುಟ್ಟಿತು.

"ಮತ್ತೆ ತಲೇನೇನಮ್ಮಾ?" ಸಂತೋಷ್‌ಕುಮಾರ್ ಕುರ್ಚಿಯಿಂದಲೇ ಕೇಳಿದರು. ನಿನ್ನೆಯಿಂದ ಮನೆಗೆ ಹೋಗಿರಲಿಲ್ಲ, ಕಣ್ಣು ಕೆಂಪಗಿತ್ತು. "ತಟ್ಟೆ ಮುಟ್ತಾರೆ, ಸರಿ. ತಲೆ ಯಾಕೆ ಮುಟ್ಟಬೇಕು? ನೀರು ಕಳಿಸು, ಕ್ಯಾಮೆರಾದಲ್ಲಿ ನೋಡೇ ಬಿಡೋಣ."

ನಂಜನ ತಲೆ ಒರೆಸಿ, ಬಾಟಲಿ ಇಟ್ಟು ಕಳಿಸಿದಳು. ಪರದೆಯ ಮೇಲೆ ಹುಬ್ಬತಲೈ ಊರಿನ ಮಾದಿ ಕಾಣಿಸಿದಳು. ಅರವತ್ತು ದಾಟಿದ ಹೆಂಗಸು, ಮಂಚದ ತುದಿಯಲ್ಲಿ ಬಸ್ಸಿಗೆ ಕಾಯುವವಳ ಹಾಗೆ ಕೂತಿದ್ದಳು. ಸಿಂಧುಜಾ ಗುಂಡಿ ಒತ್ತಿದಳು. "ಹೆತ್ತೆ, ನೀರು ತಂದಿದ್ದೇನೆ, ಕುಡಿಯಿರಿ" ಎಂದ ನಂಜ. ಅಜ್ಜಿಯರನ್ನು ಈ ಬೆಟ್ಟದ ಬಡಗರು ಕರೆಯುವುದು ಹಾಗೆಯೇ. ಅವನ ಬಾಯಲ್ಲಿದ್ದ ಏಳು ಬಡಗ ಮಾತುಗಳೂ ಸಿಂಧುಜಾ ಬಾಗಿಲು ಹಾಕಿಕೊಂಡು ತನ್ನ ದನಿಯಲ್ಲೇ ಹೇಳಿ ತುಂಬಿಸಿದಂಥವು. ನೇರವಾಗಿ ಮಾತಾಡಲು ಮೈಕೂ ಇತ್ತು. ಸಾರ್ ಎದುರು ಅದರಲ್ಲಿ ಮಾತಾಡಲು ಸಂಕೋಚವಾಗಿ ಅವಳು ಅದರ ಮೇಲೆ ಕರ್ಚೀಫು ಹೊದಿಸಿಟ್ಟಿದ್ದಳು.

"ಗಂಡು ಹೆಸರು, ಹೆಣ್ಣು ದನಿ," ಮಾದಿ ಬಾಟಲಿ ತೆಗೆದುಕೊಂಡಳು. "ಏ ನಂಜ, ನಿಂಗೆ ಯಾರೂ ಹೆಣ್ಣು ಕೊಡಲ್ಲ ಬಿಡು."

ರೋಗಿಯ ಮುಖ ಚೆನ್ನಾಗಿ ಕಾಣಲೆಂದು ನಂಜನ ತಲೆ ಮುಂದಕ್ಕೆ ಬಾಗಿತು. ಮಾದಿ ಎದ್ದಳು. ಸೆರಗು ಸರಿಮಾಡಿಕೊಂಡು, ಬಲಗೈಯನ್ನು ಅವನ ತಲೆಯ ಮೇಲೆ ಪೂರ್ತಿ ಊರಿ ಕಣ್ಣು ಮುಚ್ಚಿದಳು. "ಒಳ್ಳೇದಾಗಲಿ. ಮನೆ ತುಂಬಲಿ. ಹೋದ ದಾರಿ ಸುಖವಾಗಿರಲಿ..."

"ಏನಿದು?" ಸಂತೋಷ್‌ಕುಮಾರ್ ಕೊಯಮತ್ತೂರಿನವರು.

"ಚಿಕ್ಕವರು ತಲೆ ಬಗ್ಗಿಸಿದರೆ ನಮ್ಮಲ್ಲಿ ದೊಡ್ಡವರು ಕೈಯಿಟ್ಟು ಹರಸಬೇಕು ಸಾರ್."

"ಅದು ಮಿಷನ್ನಮ್ಮಾ."

"ಅವರಿಗೂ ಗೊತ್ತು ಸಾರ್."

ಅವರು ಮುಖ ಉಜ್ಜಿಕೊಂಡರು. "ಮುಟ್ಟಬೇಡಿ ಅಂತ ಹೇಳು. ನಿಮ್ಮ ಭಾಷೆ ನನಗೆ ಬರಲ್ಲ."

ಸಿಂಧುಜಾ ಮೈಕಿನ ಕಡೆ ನೋಡದೆ ಇನ್ನೊಂದು ಗುಂಡಿ ಒತ್ತಿದಳು. "ದೂರ ಸರಿಯಿರಿ" ಎಂದ ನಂಜ. ಮಾದಿ ಕೈ ತೆಗೆದಳು. ಸ್ವಲ್ಪ ಹೊತ್ತು ಆ ಕೈಯನ್ನೇ ನೋಡಿದಳು.

"ನೀನೂ ಕಲಿತೆಯಾ ಅದನ್ನ? ಮಗಳು ಬಾಗಿಲಲ್ಲೇ ಕೂಸನ್ನ ಎತ್ತಿಕೊಂಡು ಹಿಂದೆ ಸರಿದಳು. ಡಾಕ್ಟರು ಗೆರೆ ಆಚೆ ನಿಂತು ಮಾತಾಡಿದರು. ತಲೆ ಕೊಟ್ಟವನು ನೀನೊಬ್ಬ. ಕೈಯಿಡದೆ ಕಳಿಸಿದರೆ ನಾ ಎಂಥ ದೊಡ್ಡವಳು?"

ಕೈ ಮತ್ತೆ ಮೇಲೆದ್ದಿತು. ಸಿಂಧುಜಾ ಕರ್ಚೀಫು ಸರಿಸಿದಳು.

"ಹೆತ್ತೆ, ಬೇಡ."

ಮಾದಿ ನಂಜನ ಕಣ್ಣಿನ ದೀಪಕ್ಕೆ ಮುಖ ಹತ್ತಿರ ತಂದಳು. "ಓ, ಒಳಗೆ ಯಾರೋ ಇದ್ದಾರೆ. ಯಾವ ಹಟ್ಟಿ ಕೂಸೇ?"

"ಇತ್ತಲಾರ್ ಹಟ್ಟಿಯೋಳು. ಒಳಗಲ್ಲ ಹೆತ್ತೆ, ಆಚೆ ಕೋಣೆಲಿ ಇದೀನಿ. ನಿಮ್ಮ ಕೈ ಬೆವರು ಇವನ ತಲೆಗೆ ಅಂಟುತ್ತೆ. ಒರೆಸೋಳು ನಾನು."

"ಕೈಗೆ ಚೀಲ ಹಾಕ್ಕೊಂಡೇ ಒರೆಸ್ತೀಯಲ್ಲ?"

"ಹಾಕ್ಕೋತೀನಿ."

"ಮತ್ತೇನು ಭಯ? ನನಗಿರೋದು ಇದೊಂದು ಕೆಲಸ. ಒಂದು ಸಲ ಜಾಸ್ತಿ ಒರೆಸು ತಾಯಿ." ಮಾದಿ ನಕ್ಕಳು, ದಣಿದ ನಗು. ಕಣ್ಣು ಮುಚ್ಚಿದಳು. "ಒಳ್ಳೇದಾಗಲಿ..." ಕೈ ಇಳಿಯತೊಡಗಿತು.

ಬೆನ್ನ ಹಿಂದೆ ಸಂತೋಷ್‌ಕುಮಾರ್ ಆಕಳಿಸತೊಡಗಿದ್ದು ಕೇಳಿಸಿತು. ಬಡಗದಲ್ಲಿ ಹೇಳಿದರೂ ಈ ಮಾತು ಯಾರಿಗಾದರೂ ತಿಳಿಯುತ್ತದೆ. ಸಿಂಧುಜಾ ಎರಡೂ ಕೈಯಲ್ಲಿ ಮೈಕ್ ಹಿಡಿದಳು.

"ನಾನು ಬಸರಿ, ಹೆತ್ತೆ."

ಆಕಳಿಕೆ ಅರ್ಧಕ್ಕೇ ನಿಂತಿತು. ಪರದೆಯ ಮೇಲೆ ಮಾದಿಯ ಕೈ ನಂಜನ ತಲೆಗಿಂತ ಒಂದು ಗೇಣು ಮೇಲೆ ನಿಂತುಬಿಟ್ಟಿತು. ಇಳಿಯಲಿಲ್ಲ, ಹಿಂದಕ್ಕೂ ಹೋಗಲಿಲ್ಲ. ಅಲ್ಲೇ ಇತ್ತು, ಹರಸುವ ಮಾತು ಪೂರ್ತಿ ಮುಗಿಯುವವರೆಗೂ.