ಕಾಫಿಗೊಂದು ವಾಕ್ಯ

ಮಗಳಿಗೆ ಕಾನ್ವೆಂಟ್ ಸೀಟು ಸಿಗಬೇಕಾದರೆ ತಾಯಿಯೂ ಇಂಗ್ಲಿಷಿನಲ್ಲಿ ಇಂಟರ್‌ವ್ಯೂ ಕೊಡಬೇಕಿತ್ತು. ಅದಕ್ಕೆಂದೇ ಹೇಮಲತಾ ಗೇಟಿಗೆ 'ರೂಮ್ ಫಾರ್ ರೆಂಟ್' ಎಂದು ಇಂಗ್ಲಿಷ್ ಬೋರ್ಡು ತೂಗುಹಾಕಿ, ಮಹಡಿ ಮೇಲಿನ ರೂಮನ್ನು ಯೋಗ ಕಲಿಯಲು ಬಂದ ಬಿಳಿ ಹುಡುಗಿ ಮರೀನಾಗೆ ಬಾಡಿಗೆಗೆ ಕೊಟ್ಟಳು.

"ಫಾರಿನ್‌ನೋರಿಗೆ ಇಂಗ್ಲಿಷು ಹುಟ್ಟಿನಿಂದ್ಲೇ ಬಂದಿರುತ್ತೆ ಕಣ್ರೀ" ಎಂದು ಗಂಡನ ಬಾಯಿ ಮುಚ್ಚಿಸಿದಳು.

ಆಮೇಲೆ ಎರಡು ತಿಂಗಳು ದಿನಾ ಬೆಳಿಗ್ಗೆ ಕಾಫಿ ಹಿಡಿದು ಮಹಡಿ ಹತ್ತುವುದು, ಒಂದು ವಾಕ್ಯ ಒಪ್ಪಿಸುವುದು.

"ಐ ಆಮ್ ಹ್ಯಾವಿಂಗ್ ಒನ್ ಡಾಟರ್."

ಮರೀನಾ ಕಣ್ಣರಳಿಸಿ ಕೇಳಿ, ಅಕ್ಷರ ಬಿಡದೆ ಅದನ್ನೇ ಹೇಳುತ್ತಿದ್ದಳು. "ಐ ಆಮ್ ಹ್ಯಾವಿಂಗ್ ಒನ್ ಡಾಟರ್."

"ನೋಡಿದ್ರಾ, ಒಂದು ತಪ್ಪೂ ತೆಗೀಲಿಲ್ಲ!" ಎಂದು ಹೇಮಲತಾ ಮೆಟ್ಟಿಲಿಂದಲೇ ಗಂಡನಿಗೆ ಕೂಗಿ ಹೇಳುತ್ತಿದ್ದಳು.

"ಅವಳಿಗೂ ಮಗಳಿದ್ದಾಳೇನೇ?" ಎಂದ ಗಂಡ.

"ಸುಮ್ನಿರ್ರೀ, ಅದು ಪ್ರಾಕ್ಟೀಸು!"

ಇಂಟರ್‌ವ್ಯೂಗೆ ಒಂದೇ ದಿನ ಉಳಿದಿತ್ತು. ಅಂದು ಮರೀನಾ ತಾನೇ ಕೆಳಗಿಳಿದು ಬಂದು, ಹೇಮಲತಾಳ ಕೈಗೆ ಮೈಸೂರು ಪಾಕಿನ ಡಬ್ಬಿಯಿಟ್ಟು ಕಾಲಿಗೆ ಬಿದ್ದಳು. ಮೇಲೆದ್ದು ಫೋನಿಗೆ ತನ್ನ ಭಾಷೆಯಲ್ಲಿ ಏನೋ ಹೇಳಿದಳು. ಫೋನು ಅದನ್ನು ಅಚ್ಚ ಪುಸ್ತಕದ ಕನ್ನಡಕ್ಕೆ ತಿರುಗಿಸಿ ಮಾತಾಡಿತು:

"ಗುರುಗಳೇ, ನಾನು ರಷ್ಯಾದವಳು. ನಿಮ್ಮ ಗೇಟಿನ ಇಂಗ್ಲಿಷ್ ಬೋರ್ಡು ನೋಡಿ, ಇಂಗ್ಲಿಷ್ ಕಲಿಯಬಹುದೆಂದು ಈ ಮನೆಗೆ ಬಂದೆನು. ನನಗೆ ಬರುವ ಇಂಗ್ಲಿಷೆಲ್ಲವೂ ನೀವು ಕಲಿಸಿದ್ದೇ."