ಬಿಳಿ ಪರದೆ

"ಎರಡನೇದೇ ಚೆಂದ," ಎಂದು ಅಪ್ಪ ಫೋನನ್ನು ಮಗಳ ಕೈಗಿತ್ತರು. "ಗಜಿಬಿಜಿ ಇಲ್ಲ. ಸುಣ್ಣ ಬಳಿದ ಗೋಡೆ ಥರ ಇದೆ."

ಮಗಳಿಗೆ ನಗು ಬಂತು. ಔಷಧಿ ಅಂಗಡಿಯೊಂದರ ಆ್ಯಪಿಗಾಗಿ ಅವಳು ಎರಡು ಪರದೆಗಳನ್ನು ರೂಪಿಸಿದ್ದಳು. ಹತ್ತಾರು ಜನರಿಗೆ ತೋರಿಸಿದಾಗ ಅರವತ್ತು ದಾಟಿದವರೆಲ್ಲರೂ ದಪ್ಪ ಅಕ್ಷರದ, ಕಡುಬಣ್ಣದ ಮೊದಲನೆಯದನ್ನೇ ಆರಿಸಿದ್ದರು. ಬಿಳಿಯ ಮೇಲೆ ತಿಳಿಬೂದು ಅಕ್ಷರಗಳಿದ್ದ ಎರಡನೆಯದು ಹರೆಯದವರ ಮೆಚ್ಚಿನದಾಗಿತ್ತು. "ಅಪ್ಪಾ, ಈ ವಯಸ್ಸಲ್ಲಿ ಏನು ಶೋಕಿ ನಿಮ್ದು! ಸರಿ, ಯಾವ ಗುಂಡಿ ಒತ್ತುತೀರಾ, ತೋರಿಸಿ."

ಅಪ್ಪನ ಬೆರಳು ಪರದೆಯ ಮೇಲೆ ಸ್ವಲ್ಪ ಹೊತ್ತು ಅಲೆದಾಡಿತು. "ಗುಂಡಿ ಇನ್ನೂ ಹಾಕೇ ಇಲ್ವಲ್ಲಮ್ಮ ನೀನು?"

ಗುಂಡಿ ಅವರ ಬೆರಳಿನ ಪಕ್ಕದಲ್ಲೇ ಇತ್ತು. ಅದಕ್ಕಿಂತ ಮೇಲ್ಗಡೆ ನಾಲ್ಕು ಸಾಲು ಬರಹವೂ ಇತ್ತು. ಅವಳ ನಗು ಅಲ್ಲಿಗೇ ನಿಂತಿತು. ಅಪ್ಪ ನೀರು ಕುಡಿಯಲೆಂದು ಒಳಗೆ ಬಂದು ಕೀಲಿಯನ್ನು ಮೇಜಿನ ಮೇಲಿಟ್ಟಿದ್ದರು. ಅವರು ಓಡಿಸುವ ಶಾಲೆಯ ವ್ಯಾನು ಮಕ್ಕಳನ್ನು ತುಂಬಿಕೊಂಡು ಹೊರಗೆ ನಿಂತಿತ್ತು.

"ಯಾವಾಗಿಂದ ಅಪ್ಪಾ?"

"ಸ್ವಲ್ಪ ಮಂಜು ಮಂಜು, ಅಷ್ಟೇ. ದಾರಿ ಬಾಯಿಪಾಠ ಆಗಿದೆ ಕಣೇ. ಸ್ಟೇರಿಂಗ್ ಬಿಟ್ರೆ ನಾನಿನ್ನು ಯಾವ ಕೆಲಸಕ್ಕೆ ಬರ್ತೀನಿ, ಹೇಳು?"

"ಅಡ್ಡ ಬರೋ ಮಗೂನೂ ಬಾಯಿಪಾಠವಾ?"

ಹೊರಗೆ ಯಾವುದೋ ಮಗು ತಾಳ್ಮೆಗೆಟ್ಟು ಹಾರ್ನ್ ಒತ್ತಿತು. ಅಪ್ಪ ಎದ್ದರು, ವ್ಯಾನಿನ ಕೀಲಿಗಾಗಿ ಖಾಲಿ ಮೇಜಿನ ತುಂಬ ಕೈಯಾಡಿಸಿದರು. ಆಗಲೇ ಎತ್ತಿಕೊಂಡಿದ್ದ ಕೀಲಿ ಅವರ ಕಣ್ಣೆದುರಿಗೇ, ಮಗಳ ತೆರೆದ ಅಂಗೈಯಲ್ಲಿತ್ತು. ಅವಳು ಮೆಲ್ಲಗೆ ಮುಷ್ಟಿ ಮುಚ್ಚಿದಳು.